ಅಂದಾಜಪ್ಪನ ಗೋಡೆ ಕರೆಂಟು

ಒಕ್ಕಣೆ ಮುಗಿದ ಹೊಸತು. ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಕಾಳೆಲ್ಲ ಚೀಲ ಸೇರಿ ಗಿರಣಿಯ ಮುಂದೆ ಸಾಲು ಹಿಡಿದು ಕೂತಿತ್ತು. ಬಿಸಿಲು ಏರುವ ಮೊದಲೇ ಗಿರಣಿ ಶುರುವಾಗಿ, ಬೀದಿಯ ಆ ತುದಿಯಲ್ಲಿ ಮಾತಾಡುವವರೂ ಗಂಟಲು ಏರಿಸಿ ಮಾತಾಡಬೇಕಾಗಿತ್ತು.

ಗಿರಣಿಗೂ ಪಕ್ಕದ ಟೈಲರ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಿರಣಿಯ ಕಲ್ಲು ಒಂದು ಪಕ್ಕಕ್ಕೆ ಸವೆದಿತ್ತು, ಯಂತ್ರದ ಕಾಲಿನ ನಟ್ಟುಗಳು ಸಡಿಲವಾಗಿದ್ದವು. ಹಾಗಾಗಿ ಅದು ಓಡುವಾಗ ಭಾರ ಹೊತ್ತ ಎತ್ತಿನ ಹಾಗೆ ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಿತ್ತು. ಅದರ ಜೊತೆಗೆ ಗೋಡೆಯೂ ಅದಿರುತ್ತಿತ್ತು. ಗೋಡೆಗೆ ಬಡಿದ ಹಲಗೆಯ ಮೇಲೆ ತಗಡಿನ ಡಬ್ಬಿಯಲ್ಲಿದ್ದ ಗುಂಡಿಗಳು ದಿನವಿಡೀ ಗಲಗಲ ಅನ್ನುತ್ತಿದ್ದವು. ಕತ್ತರಿ ಯಾರೂ ಮುಟ್ಟದೆ ತಾನೇ ಅಂಚಿಗೆ ಸರಿದು, ಹೊತ್ತು ನೋಡಿ ಟೈಲರನ ಕಾಲ ಮೇಲೆ ಬೀಳುತ್ತಿತ್ತು.

ಟೈಲರನ ಹೆಸರು ಊರಿಗೆ ಮರೆತುಹೋಗಿತ್ತು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಂದಾಜಪ್ಪ ಎಂದು. ಕೊರಳಲ್ಲಿ ಟೇಪು ಸದಾ ಇಳಿಬಿದ್ದಿರುತ್ತಿತ್ತು, ಆದರೆ ಅದು ವೈದ್ಯರ ಕೊರಳಿನ ನಳಿಗೆಯಂತೆ ಬರೀ ಗೌರವದ ಗುರುತು. ಗಿರಾಕಿ ಬಂದರೆ ಒಂದು ಕಣ್ಣು ಅರ್ಧ ಮುಚ್ಚಿ, ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಅಂದಾಜು ಸಿಕ್ತು, ನಾಳೆ ಬನ್ನಿ" ಅನ್ನುತ್ತಿದ್ದ. ಈ ಎರಡು ಮಾತುಗಳಲ್ಲಿ ಮೊದಲನೆಯದರಿಂದ ಅವನಿಗೆ ಹೆಸರು ಬಂತು. ಎರಡನೆಯದರಿಂದ ಹೆಸರಿಟ್ಟಿದ್ದರೆ ಲೋಕದ ಟೈಲರುಗಳೆಲ್ಲ ಒಂದೇ ಹೆಸರಿನವರಾಗಿ ಗುರುತು ಸಿಗುತ್ತಿರಲಿಲ್ಲ.

ಅವನೂ ಗಿರಣಿಯವನೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ತರಗತಿಯಲ್ಲಿ ನಪಾಸಾದವರು. ಆಮೇಲೆ ಅಂಗಡಿಗಳೂ ಅಕ್ಕಪಕ್ಕ ಬಂದವು. ಒಂದು ಚಹಾ ತರಿಸಿ ಎರಡು ಲೋಟಕ್ಕೆ ಹಂಚಿಕೊಂಡು ಎಷ್ಟೋ ವರ್ಷ ಕಳೆದವು. ಎಲ್ಲ ಕೆಟ್ಟದ್ದು ಒಂದು ಮದುವೆ ಕೋಟಿನಿಂದ. ಗೋಡೆ ಅದುರಿ, ಹೊಲಿಗೆ ಯಂತ್ರ ಹಾರಿ, ಮದುವೆ ಗಂಡಿನ ಕೋಟಿನ ಎರಡೂ ಜೇಬಿನ ಬಾಯಿಗೆ ಅಡ್ಡಡ್ಡ ಹೊಲಿಗೆ ಬಿದ್ದುಬಿಟ್ಟಿತು. ಮದುಮಗ ಜೇಬಿನೊಳಗೆ ಕೈ ಇಳಿಸಲು ಹೋಗಿ, ಬಂದವರ ಮುಂದೆ ತನ್ನನ್ನು ತಾನೇ ತಡಕಾಡಿಕೊಂಡಂತಾಯಿತು. ಅಂದಾಜಪ್ಪ ನೇರವಾಗಿ ಗಿರಣಿಗೆ ನುಗ್ಗಿ ಕೂಗಾಡಿದ. ಗಿರಣಿಯವನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, "ಜೇಬಿಗೆ ಬಾಯಿ ಇಡೋದು ಮರೆತವನು ನೀನು. ನನ್ನ ಗಿರಣಿ ಇನ್ನೂ ಹೊಲಿಗೆ ಕಲಿತಿಲ್ಲ" ಅಂದ. ಕಾಳು ತಂದವರೆಲ್ಲ ನಕ್ಕರು. ಆವತ್ತಿಂದ ಮಾತು ನಿಂತಿತು.

ಮಾತು ನಿಂತಿತು ಅಂದರೆ ಪೂರ್ತಿ ನಿಂತಿರಲಿಲ್ಲ. ಇಬ್ಬರೂ ಗೋಡೆಯ ಜೊತೆ ಮಾತಾಡುತ್ತಿದ್ದರು. ಅಂದಾಜಪ್ಪ ಈ ಕಡೆಯಿಂದ, "ಕೆಲವರ ಯಂತ್ರ ನಿಂತರೆ ಬೀದಿಗೆ ನಿದ್ದೆ ಬರುತ್ತಪ್ಪ" ಅನ್ನುತ್ತಿದ್ದ. ಆ ಕಡೆಯಿಂದ, "ಕೆಲವರು ಹೊಲಿಯೋದು ನೋಡಿದರೆ ಅವರಿಗೆ ಈಗಲೇ ನಿದ್ದೆ ಬಂದಿದೆ ಅನ್ಸುತ್ತೆ" ಎಂದು ಉತ್ತರ ಬರುತ್ತಿತ್ತು. ಗೋಡೆ ಎರಡನ್ನೂ ಕೇಳಿಸಿಕೊಂಡು ಸುಮ್ಮನೆ ಅದಿರುತ್ತಿತ್ತು.

ಜಗಳಕ್ಕೆ ಮೊದಲು ಗಿರಣಿಯವನು ಒಂದು ಅಂಗಿಗೆ ಬಟ್ಟೆ ಕೊಟ್ಟಿದ್ದ. ಹಿಟ್ಟು ಬಿದ್ದರೂ ಕಾಣದ ಕೆನೆ ಬಣ್ಣದ್ದು. ಜೊತೆಗೆ ತನ್ನ ಅಪ್ಪನ ಹಳೆಯ ಕೋಟಿನಿಂದ ಬಿಚ್ಚಿದ ಹಿತ್ತಾಳೆ ಗುಂಡಿಗಳನ್ನೂ ಕೊಟ್ಟಿದ್ದ. ಬಟ್ಟೆ, ಗುಂಡಿ ಎರಡೂ ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ, ಅಂದಾಜಪ್ಪನ ಟ್ರಂಕಿನ ತಳದಲ್ಲೇ ಇದ್ದವು. ಹೊಲಿದು ಕೊಟ್ಟರೆ ಸೋತಂತೆ, ಹೊಲಿಯದೆ ವಾಪಸು ಕೊಟ್ಟರೆ ಕೈಲಾಗದವನು ಅನ್ನಿಸಿಕೊಂಡಂತೆ. ಹೆಂಡತಿ ಆಗಾಗ ಕೇಳುತ್ತಿದ್ದಳು: "ಆ ಅಂಗಿ ಯಾವಾಗ ಕೊಡ್ತೀರಿ?" ಅವನು ಬಾಯಿಪಾಠದಂತೆ ಹೇಳುತ್ತಿದ್ದ: "ನಾಳೆ."

ಆ ದಿನ ಶಾಲೆಯ ವಿಜ್ಞಾನದ ಟೀಚರಮ್ಮ ಕಿತ್ತುಹೋದ ಚೀಲದ ಹಿಡಿಯನ್ನು ಹೊಲಿಸಲು ಬಂದಿದ್ದರು. ನಿಂತಲ್ಲೇ ಕುಣಿಯುತ್ತಿದ್ದ ಗುಂಡಿ ಡಬ್ಬಿಯನ್ನು ನೋಡಿ, ಗೋಡೆಗೆ ಅಂಗೈ ಒತ್ತಿ, "ಈ ಕಂಪನ ದಿನವಿಡೀ ಇರುತ್ತಾ?" ಅಂದರು.

ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ಅಂದಾಜಪ್ಪನಿಗೆ ಕಣ್ಣು ತುಂಬಿ ಬಂತು. "ದಿನವಿಡೀ ಟೀಚರಮ್ಮ! ನನ್ನ ಹಲ್ಲು ಕೂಡ ಸಡಿಲ ಆಗಿದೆ!"

"ಬಯ್ಯಬೇಡಿ ಮತ್ತೆ. ಇಷ್ಟು ಸಣ್ಣ, ಇಷ್ಟು ನಿಧಾನದ ಕಂಪನದಿಂದಲೂ ಕರೆಂಟು ತೆಗೀಬಹುದು."

ಮಾರನೆಯ ದಿನ ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಸಾಧನವನ್ನು ಅವರೇ ತಂದುಕೊಟ್ಟರು. ಒಂದು ತೆಳು ಉಕ್ಕಿನ ಪಟ್ಟಿ. ಅದರ ಒಂದು ಕೊನೆಯನ್ನು ಗೋಡೆಗೆ ಬಿಗಿಯಬೇಕು. ಇನ್ನೊಂದು ಕೊನೆಗೆ ಅಯಸ್ಕಾಂತ. ಅಯಸ್ಕಾಂತದ ಸುತ್ತ ತಾಮ್ರದ ತಂತಿಯ ಸುರುಳಿ, ಆ ತಂತಿಗೆ ಒಂದು ಪುಟ್ಟ ಕೆಂಪು ದೀಪ.

"ಅಯಸ್ಕಾಂತ ಸುರುಳಿ ಒಳಗೆ ಓಲಾಡಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತೆ. ಆದರೆ ಗೋಡೆಯ ತಾಳಕ್ಕೂ ಪಟ್ಟಿಯ ತಾಳಕ್ಕೂ ಹೊಂದಬೇಕು. ನಿಮ್ಮ ಗೋಡೆ ನಿಧಾನ, ಈ ಪಟ್ಟಿ ಚುರುಕು. ತುದಿಗೆ ಇನ್ನಷ್ಟು ಭಾರ ಹಾಕಿದರೆ ಪಟ್ಟಿನೂ ನಿಧಾನ ಆಗುತ್ತೆ."

"ಎಷ್ಟು ಭಾರ?"

"ಅದನ್ನ ನೀವೇ ಹಾಕಿ ನೋಡ್ಬೇಕು."

"ಅಂದರೆ, ಅಂದಾಜಲ್ಲಿ?"

"ಹೂಂ, ಅಂದಾಜಲ್ಲೇ" ಎಂದು ಟೀಚರಮ್ಮ ಮುಂದಿನ ಅನಾಹುತ ಅರಿಯದೆ ಹೇಳಿ ಹೋದರು. ವಿಜ್ಞಾನವೂ ಕೊನೆಗೆ ತನ್ನ ದಾರಿಗೇ ಬಂತು ಎಂದು ಅಂದಾಜಪ್ಪನಿಗೆ ಆ ಕ್ಷಣದಲ್ಲೇ ಖಾತ್ರಿಯಾಯಿತು.

ಗಿರಾಕಿಗಳ ಬಟ್ಟೆ ಹಾಗೇ ಬಿದ್ದಿತು. ಅವನು ಪಟ್ಟಿಯ ತುದಿಗೆ ಅಂಗಿ ಗುಂಡಿ ಅಂಟಿಸಿದ, ಪಟ್ಟಿ ಮಿಸುಕಲಿಲ್ಲ. ಕೋಟಿನ ಗುಂಡಿ ಅಂಟಿಸಿದ; ಸ್ವಲ್ಪ ಮಿಸುಕಿತು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಅಂಗುಸ್ತಾನ ಸಿಕ್ಕಿಸಿದ. ಪಟ್ಟಿ ಬಾಗಿ ನಿಂತುಬಿಟ್ಟಿತು. ಕೊನೆಗೆ ಹೆಂಡತಿ ನೀರು ತರಲು ಹೋದ ಹೊತ್ತು ನೋಡಿ, ಟ್ರಂಕಿನ ತಳಕ್ಕೆ ಕೈ ಹಾಕಿ ಒಂದು ಹಿತ್ತಾಳೆ ಗುಂಡಿ ತೆಗೆದ. ಅದನ್ನು ಅಂಟಿಸಿ ಕೈಬಿಟ್ಟದ್ದೇ ತಡ, ಪಟ್ಟಿ ಯಾರೋ ಹೆಸರು ಹಿಡಿದು ಕರೆದಂತೆ ತಲೆಯಾಡಿಸತೊಡಗಿತು. ಕೆಂಪು ದೀಪ ಮಿಣಮಿಣ ಅಂತು.

"ಬಂತು! ಬಂತು ಕಣೇ!" ಎಂದು ಕೂಗಿದ. ಹೆಂಡತಿ ಕೊಡ ಇಳಿಸಿ ಓಡಿಬಂದಳು. ಸಾಸಿವೆ ಕಾಳಿನಷ್ಟು ಬೆಳಕನ್ನು ಬಗ್ಗಿ ನೋಡಿ, "ಇದರಲ್ಲಿ ಸೂಜಿಗೆ ದಾರ ಪೋಣಿಸಬಹುದಾ?" ಅಂದಳು.

"ಸೂಜಿ ಎಲ್ಲಿದೆ, ದಾರ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಪೋಣಿಸಬಹುದು."

ಇಂಥ ಸಾಧನೆ ಹೆಂಡತಿಯ ಬಳಿಯೇ ಉಳಿದರೆ ಅದು ಸಾಧನೆಯೇ? ಅಂದಾಜಪ್ಪ ಗಡ್ಡ ಬೆಳೆಯದಿದ್ದರೂ ಕ್ಷೌರದಂಗಡಿಗೆ ಹೋದ. ಕ್ಷೌರಿಕ ಊರಿನ ಸುದ್ದಿಗೆಲ್ಲ ಹೆಬ್ಬಾಗಿಲು. ಅವನ ಕಿವಿಗೆ ಹಾಕಿದ್ದು ಊಟದ ಹೊತ್ತಿಗೆ ನೆರೆಯೂರಿಗೆ ತಲುಪುತ್ತಿತ್ತು. ಆದರೆ ಅವನ ಕೈಯಲ್ಲಿ ಕೂದಲು ಕತ್ತರಿಸುವ ಮಷೀನು ಗುರ್‍ ಅನ್ನುತ್ತಿತ್ತು, ಅಂದಾಜಪ್ಪನ ಬಾಯಿಯ ತುಂಬ ಸೋಪಿನ ನೊರೆ ಇತ್ತು.

"ನಮ್ಮಂಗಡೀಲಿ ಕಂಪನದ ಕರೆಂಟು ಬಂದಿದೆ" ಎಂದ.

"ಯಾವ ಕಂಪನಿ?"

"ಕಂಪನ, ಕಂಪನ" ಎಂದು ತಿದ್ದಲು ಹೋದರೆ ನೊರೆ ತುಟಿಗೆ ಸೇರಿ "ಕಂಪ್ನಿ, ಕಂಪ್ನಿ" ಅಂತಲೇ ಹೊರಬಿತ್ತು. "ಗಿರಣಿ ಇರೋದ್ರಿಂದಲೇ ಅದು ಬಂದಿದ್ದು. ಆ ಜಾಗ ಬಿಟ್ಟರೆ ಬೇರೆ ಎಲ್ಲೂ ಆಗಲ್ಲ."

ಕ್ಷೌರಿಕ ಮಷೀನು ನಿಲ್ಲಿಸಿದ. ಯಾವಾಗಲೂ ತಣ್ಣೀರು ಎರಚುತ್ತಿದ್ದವನು ಬಿಸಿನೀರು ತಂದ. ಎಲ್ಲರಿಗೂ ಹೊದಿಸುವ ಬಟ್ಟೆಯನ್ನು ತೆಗೆದು, ಮಡಿಕೆ ಬಿಚ್ಚದ ಹೊಸ ಟವೆಲು ಹೊದಿಸಿದ. "ಸಾಹೇಬರೇ, ಮೀಸೆ ಸ್ವಲ್ಪ ತೆಳುವಾಗಿ ಮಾಡ್ಲಾ?" ಅಂದ. ವಿಜ್ಞಾನಕ್ಕೆ ಈ ಊರಲ್ಲಿ ಇಷ್ಟು ಗೌರವವಿದೆ ಎಂದು ಅಂದಾಜಪ್ಪನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಕಂಪನಿ ಊರಿಗೆ ಕರೆಂಟು ಕೊಡಲು ಬರುತ್ತಿದೆ ಎಂದಾಯಿತು. ಸಂಜೆಯ ಹೊತ್ತಿಗೆ ಕಂಪನಿಗೆ ಗಿರಣಿಯ ಜಾಗವೇ ಬೇಕಂತೆ ಎಂದಾಯಿತು. ದೀಪ ಹಚ್ಚುವ ಮುಂಚೆ ಅಂದಾಜಪ್ಪ ಕಂಪನಿಯ ಮ್ಯಾನೇಜರ್ ಆಗಿದ್ದ.

ಮರುದಿನ ಬೆಳಿಗ್ಗೆಯೇ ನೆರೆಯೂರಿಂದ ಅವನ ಅಕ್ಕನ ಗಂಡ ಬಂದಿಳಿದ. ಭಾವ ಜನ್ಮದಲ್ಲಿ ಅವನನ್ನು "ಲೋ ಕತ್ತರಿ" ಬಿಟ್ಟು ಬೇರೆ ಹೆಸರಿನಿಂದ ಕರೆದವನಲ್ಲ. ಈಗ ಹೊಸಿಲ ಹೊರಗೇ ಚಪ್ಪಲಿ ಬಿಟ್ಟು, "ಹೇಗಿದ್ದೀರಿ?" ಅಂದ. ಅಂದಾಜಪ್ಪ ಹಿಂತಿರುಗಿ ತನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರೋ ನೋಡಿದ.

"ನನಗೊಂದು ಕಾವಲುಗಾರನ ಕೆಲಸ ಹಾಕಿಕೊಡಿ" ಅಂದ ಭಾವ. "ನಾನು ಕೂತ ಕಡೆಯಿಂದ ಏಳೋನಲ್ಲ. ನಿಮ್ಮಕ್ಕನ್ನ ಕೇಳಿ. ಕಾವಲಿಗೆ ಇದಕ್ಕಿಂತ ಯೋಗ್ಯತೆ ಏನು ಬೇಕು?"

"ಭಾವ, ಅದು ಕಂಪನಿ ಅಲ್ಲ. ಕಂಪನ."

"ಹೆಸರು ಏನಾದ್ರೂ ಇಟ್ಕೊಳ್ಳಲಿ. ನನ್ನ ಕುರ್ಚಿ ನೆರಳಲ್ಲಿದ್ದರೆ ಸಾಕು. ನೀವು ಮನಸ್ಸು ಮಾಡಿದರೆ ಆಗುತ್ತೆ."

ಆ "ನೀವು" ಕಿವಿಯಿಂದ ಇಳಿದು ಹೊಟ್ಟೆಯಲ್ಲಿ ಬೆಲ್ಲದಂತೆ ಕರಗಿತು. ಒಂದು ಸಲ ತಿದ್ದಿ ಆಯಿತಲ್ಲ, ಕೇಳಿಸಿಕೊಳ್ಳದಿದ್ದರೆ ನನ್ನ ತಪ್ಪೇ ಎಂದು ಅಂದಾಜಪ್ಪ ಸಮಾಧಾನ ಮಾಡಿಕೊಂಡ. "ನೋಡೋಣ" ಎಂದುಬಿಟ್ಟ. ಮುಂದಿನ ಕಷ್ಟವೆಲ್ಲ ಆ ಒಂದು "ನೋಡೋಣ"ದಿಂದ ಬಂದದ್ದು.

ಅವತ್ತು ಭಾವನಿಗೆ ದೀಪ ತೋರಿಸೋಣವೆಂದು ಹೋದರೆ ದೀಪ ಇಲ್ಲ. ಪಟ್ಟಿ ನೆಟ್ಟಗೆ ನಿಂತಿದೆ. ಗುಂಡಿ ಡಬ್ಬಿ ತುಟಿಪಿಟಿಕ್ ಅನ್ನುತ್ತಿಲ್ಲ. ಗಿರಣಿಯ ಸದ್ದು ಮಾತ್ರ ಎಂದಿನಂತೆ ಕೇಳುತ್ತಿದೆ, ಗೋಡೆ ಸತ್ತಂತೆ ನಿಂತಿದೆ. ಅಂದಾಜಪ್ಪ ತಂತಿ ಬಿಚ್ಚಿದ, ಕಟ್ಟಿದ, ಊದಿದ, ದೀಪಕ್ಕೆ ಬೆರಳಿಂದ ಕುಟ್ಟಿದ. ಭಾವ, "ಕಂಪನಿ ಇನ್ನೂ ಬಾಗಿಲು ತೆಗೆದಿಲ್ಲ ಅನ್ಸುತ್ತೆ" ಎಂದು ಊಟ ಮಾಡಿ ಮಲಗಿದ.

ಕಾಳು ಬೀಸಿಸಲು ಹೋಗಿದ್ದ ಹೆಂಡತಿ ಹಿಟ್ಟಿನ ಡಬ್ಬವನ್ನು ದೊಪ್ಪೆಂದು ಇಳಿಸಿ ಎದುರು ನಿಂತಳು.

"ಏನ್ರೀ ಮಾಡಿದಿರಿ ನೀವು?"

"ನಾನೇನು ಮಾಡಿದೆ?"

"ಗಿರಣಿಯಣ್ಣ ಯಂತ್ರದ ಕಾಲಡಿ ಹಳೇ ಟೈರು ಕತ್ತರಿಸಿ ಹಾಸಿದಾರೆ. ನಟ್ಟೆಲ್ಲ ಬಿಗಿ ಮಾಡಿದಾರೆ. ಅಲ್ಲಾಡುತ್ತೆ ಅಂತ ದೂರು ಹೇಳಿ ನೀವೇ ಕಂಪನಿಯಿಂದ ಜಾಗ ಬಿಡಿಸ್ತಿದ್ದೀರಿ ಅಂದ್ಕೊಂಡಿದಾರೆ. ಅಲ್ಲಾಡಲಿಲ್ಲ ಅಂದ್ರೆ ಕಂಪನಿಯವರು ತಕರಾರು ಮಾಡದೆ ಬಿಡ್ತಾರೇನೋ ಅಂತ ಆಸೆ. ಬಿಡದಿದ್ದರೆ, ಈ ಸಾಲಿನ ಕಾಳು ಬೀಸಿ ಮುಗಿದ ಮೇಲೆ ಯಂತ್ರ ಕಿತ್ಕೊಂಡು ಅತ್ತೆ ಮನೆ ಊರಿಗೆ ಹೋಗ್ತಾರಂತೆ. ನನ್ನ ಮುಖ ನೋಡದೆ ಹೇಳಿದರು."

"ಅವನು ಹೋಗ್ತಾನಾ?"

"ನಿಮಗೆ ಬೇಕಾಗಿದ್ದೂ ಅದೇ ಅಲ್ವಾ ಇಷ್ಟು ವರ್ಷ?"

ಅಂದಾಜಪ್ಪ ತನಗೆ ಬೇಕಾಗಿದ್ದದ್ದು ಅದೇ ಎಂದು ಊರಿಗೆಲ್ಲ ಹೇಳಿದ್ದ. ಈಗ ಅದು ಬಾಗಿಲಿಗೆ ಬಂದು ನಿಂತಾಗ ನೋಡಿದರೆ, ಅಳತೆ ಎಲ್ಲೋ ತಪ್ಪಿದ ಕೋಟಿನಂತೆ ಮೈಗೆ ಒಪ್ಪುತ್ತಿರಲಿಲ್ಲ.

"ನಾನು ಹೇಳಿದ್ದು ಕಂಪನ ಅಂತ" ಎಂದ ಸಣ್ಣ ದನಿಯಲ್ಲಿ.

"ಹೇಳಿದ್ದು ಸರಿ. ಕಂಪನಿ ಅಂತ ಕೇಳಿಸ್ಕೊಂಡವರು ಬಿಸಿನೀರು ಕೊಟ್ಟಾಗ ಬೇಡ ಅಂದ್ರಾ?"

ಎದ್ದು ಪಕ್ಕದ ಬಾಗಿಲಿಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯುವ ವಿಷಯ. ಅವನು ಎದ್ದ. ಬಾಗಿಲವರೆಗೆ ಹೋದ. ಅಲ್ಲಿಂದ ಕಾಲು ತಾನೇ ತಿರುಗಿ, ವರ್ಷಗಳ ಅಭ್ಯಾಸದಂತೆ ಗೋಡೆಯ ಮುಂದೆ ತಂದು ನಿಲ್ಲಿಸಿತು. ಕೆಮ್ಮಿ ಹೇಳಿದ: "ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ಕೆಲವರು ಅಂತಾರೆ."

ಆ ಕಡೆಯಿಂದ ಉತ್ತರ ಬಂತು: "ಮ್ಯಾನೇಜರಾದವರು ಈಗ ಏನು ಬೇಕಾದ್ರೂ ಅಂತಾರೆ ಅಂತ ಕೆಲವರು ಅಂತಾರೆ."

ಆ ದನಿಯಲ್ಲಿ ಎಂದಿನ ಮೊನಚು ಇರಲಿಲ್ಲ. ಅಂದಾಜಪ್ಪನಿಗೆ ಅನ್ನ ಸೇರಲಿಲ್ಲ. ಭಾವನೇ ಅವನ ಪಾಲಿನದನ್ನೂ ಉಂಡ.

ಬೆಳಗಾದರೆ ಇನ್ನೊಂದು. ವಿದ್ಯುತ್ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದಿಳಿದರು. ತಮಗೆ ತಿಳಿಸದೆ ಊರಿಗೆ ಕರೆಂಟು ಕೊಡುತ್ತಿರುವ ಕಂಪನಿ ಯಾವುದು ಎಂದು ಪತ್ತೆ ಮಾಡಲು ಅವರಿಗೆ ಮೇಲಿನಿಂದ ಅಪ್ಪಣೆಯಾಗಿತ್ತು. ಮುಂದೆ ಕ್ಷೌರಿಕ ದಾರಿ ತೋರಿಸುತ್ತಿದ್ದ, ಹಿಂದೆ ಅರ್ಧ ಬೀದಿ ಬರುತ್ತಿತ್ತು; ಅದರಲ್ಲಿ ಒಬ್ಬನ ಒಂದು ಕೆನ್ನೆಯಲ್ಲಿ ಮಾತ್ರ ಕ್ಷೌರವಾಗಿತ್ತು. ಗಿರಣಿ ಓಡುತ್ತಲೇ ಇತ್ತು. ಅದರ ಯಜಮಾನ ಹಿಟ್ಟು ಮೆತ್ತಿದ ದೊಡ್ಡ ಮೈ ಹೊತ್ತು ಟೈಲರ್ ಅಂಗಡಿಯ ಬಾಗಿಲಿಗೆ ಬಂದು ಒರಗಿ ನಿಂತ. ತನ್ನ ತೀರ್ಪು ಕೇಳಲು ಬಂದವನ ಹಾಗಿದ್ದ.

"ಇಲ್ಲಿಯ ಮ್ಯಾನೇಜರ್ ಯಾರು?"

ಎಲ್ಲರೂ ಅಂದಾಜಪ್ಪನನ್ನು ತೋರಿಸಿದರು. ಅವನು ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದ.

"ಕಂಪನಿ ಎಲ್ಲಿ?"

ಅಂದಾಜಪ್ಪ ಗೋಡೆಯ ಕಡೆ ಬೆರಳು ತೋರಿಸಿದ. ಸಾಹೇಬರು ಪಟ್ಟಿಯನ್ನು ನೋಡಿದರು, ಸುರುಳಿಯನ್ನು ನೋಡಿದರು, ಅದರ ಹಿಂದೆ ಬೇರೇನಾದರೂ ಇದೆಯೇ ಎಂದು ನೇತುಹಾಕಿದ್ದ ಪ್ಯಾಂಟುಗಳನ್ನು ಸರಿಸಿ ನೋಡಿದರು.

"ಇದೇನು?"

"ಇದೇ ಸಾರ್. ಕಂಪನಿ ಅಲ್ಲ, ಕಂಪನ. ಗೋಡೆ ಅದುರುತ್ತಲ್ಲ, ಆ ಕಂಪನದಿಂದ ಈ ದೀಪ ಉರಿಯುತ್ತೆ. ನಾನು ಹೇಳಿದ್ದು ಅಷ್ಟೇ. ಕಂಪನಿ ಇಲ್ಲ. ಮ್ಯಾನೇಜರೂ ಇಲ್ಲ. ಯಾರ ಗಿರಣಿ ಜಾಗಾನೂ ಯಾರಿಗೂ ಬೇಡ."

ಬೀದಿಯೆಲ್ಲ ಒಟ್ಟಾಗಿ ಕ್ಷೌರಿಕನ ಮುಖ ನೋಡಿತು. ಕ್ಷೌರಿಕ, "ಇವರ ಬಾಯಲ್ಲಿ ನೊರೆ ಇತ್ತು!" ಎಂದು ಕಿರುಚಿದ.

"ದೀಪ ಉರೀತಿಲ್ಲವಲ್ಲ?" ಅಂದರು ಸಾಹೇಬರು.

"ಗೋಡೆ ಅದಿರ್ತಿಲ್ಲ ಸಾರ್."

"ಹಾಗಾದ್ರೆ ನೀವು ಹೇಳ್ತಿರೋದನ್ನ ನಾನು ಹೇಗೆ ನಂಬೋದು? ಕಂಪನಿಯವರನ್ನ ಎಲ್ಲಿ ಅಡಗಿಸಿಟ್ಟಿದ್ದೀರಿ?"

ಒಳಗೆ ಮಲಗಿದ್ದ ಭಾವ ಅಷ್ಟಕ್ಕೆ ಹಿತ್ತಲ ಬಾಗಿಲಿಂದ ಊರಿಗೆ ಹೊರಟುಹೋದ. ಅಂದಾಜಪ್ಪ ಬೆವರು ಒರೆಸಿಕೊಂಡು, ಮೆಲ್ಲಗೆ ಗೋಡೆಯ ಕಡೆ ತಿರುಗಿ, "ಕೆಲವರು ಮನಸ್ಸು ಮಾಡಿದರೆ..." ಎಂದು ಶುರು ಮಾಡಿದ.

"ಗೋಡೆಗೆ ಯಾಕ್ರೀ ಹೇಳ್ತೀರಿ?" ಅಂದಳು ಹೆಂಡತಿ. "ಅವರು ಬಾಗಿಲಲ್ಲೇ ನಿಂತಿದಾರೆ."

ಅಂದಾಜಪ್ಪ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ಗಿರಣಿಯವನ ಕಣ್ಣುಗಳು ಮಾತ್ರ ಹಿಟ್ಟಿನ ನಡುವೆ ಕಪ್ಪಗೆ ಕಾಣುತ್ತಿದ್ದವು.

"ಲೋ" ಅಂದ ಅಂದಾಜಪ್ಪ. "ಲೋ, ಸ್ವಲ್ಪ ಅಲ್ಲಾಡ್ಸೋ."

"ಏನನ್ನ?"

"ಗೋಡೇನ."

"ಇಷ್ಟು ವರ್ಷ ಅಲ್ಲಾಡ್ಸಬೇಡ ಅಂತ ಬೈದವನು ಯಾರು?"

"ನಾನೇ."

"ನಿನ್ನ ಹಲ್ಲು ಸಡಿಲ ಆಗಿದ್ದು?"

"ಆಗಲಿ. ಉದುರಿದ್ರೂ ಆಗಲಿ. ನೀನು ಆ ಟೈರು ಕಿತ್ತುಹಾಕು. ನಿನ್ನ ಗಿರಣಿ ಇಲ್ಲಿಂದ ಕದಲಬಾರದು. ಇಲ್ಲೇ ಇದ್ದು ಕುಣಿಯಲಿ."

ಗಿರಣಿಯವನು ತಿರುಗಿ ಗಿರಣಿಗೆ ಹೋದ. ಯಂತ್ರ ನಿಂತಿತು. ಏನೋ ಎಳೆದ ಸದ್ದು, ನಟ್ಟು ಬಿಚ್ಚುವ ಪಾನಾ ಕಬ್ಬಿಣಕ್ಕೆ ತಾಗಿದ ಸದ್ದು, ಒಂದು ಬೈಗುಳ. ಆಮೇಲೆ ಬೆಲ್ಟು ಸರಿದು ಕಲ್ಲು ತಿರುಗತೊಡಗಿತು. ಮೊದಲು ಡಬ್ಬಿಯಲ್ಲಿ ಒಂದು ಗುಂಡಿ ಟಕ್ ಅಂತು. ಇನ್ನೊಂದು ಉತ್ತರ ಕೊಟ್ಟಿತು. ಎಲ್ಲವೂ ಸೇರಿ ಗಲಗಲ ಅಂದವು. ಕತ್ತರಿ ಅಂಚಿನ ಕಡೆ ಹೊರಟಿತು. ಪಟ್ಟಿ ತಲೆಯಾಡಿಸಿತು, ಕೆಂಪು ದೀಪ ಕಣ್ಣು ಬಿಟ್ಟಿತು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡು ಅಂಗೈ ಮರೆ ಮಾಡಿ ಬಗ್ಗಿ ನೋಡಿದರು. ಬಹಳ ಹೊತ್ತು ಯೋಚಿಸಿ, "ಇದು ನಮ್ಮ ಇಲಾಖೆಗೆ ಬರಲ್ಲ" ಅಂದರು. "ಇಷ್ಟು ಚಿಕ್ಕ ಕರೆಂಟನ್ನ ಹಿಡಿಯೋಕೆ ನಮ್ಮಲ್ಲಿ ಕಾನೂನಿಲ್ಲ." ಹೋಗುವಾಗ ತಮ್ಮ ಪ್ಯಾಂಟು ಸೊಂಟದಲ್ಲಿ ಬಿಗಿಯಾಗಿರುವುದನ್ನು ಹೇಳಿದರು. ಅಂದಾಜಪ್ಪ ಒಂದು ಕಣ್ಣು ಅರ್ಧ ಮುಚ್ಚಿ, "ಅಂದಾಜು ಸಿಕ್ತು, ನಾಳೆ ಬನ್ನಿ" ಅಂದ.

ಜನ ಚದುರಿದ ಮೇಲೆ ಗಿರಣಿಯವನು ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ತನ್ನ ಗಿರಣಿ ಹೊತ್ತಿಸಿದ ದೀಪವನ್ನು ಒಮ್ಮೆ ನೋಡೋಣವೆಂದು ಬಗ್ಗಿದ. ಬಗ್ಗಿದವನು ಹಾಗೇ ಉಳಿದ.

"ಈ ಗುಂಡಿ ನಮ್ಮಪ್ಪಂದು."

ಅಂದಾಜಪ್ಪ ನೆಲ ನೋಡಿದ. "ಬೇರೆ ಯಾವುದಕ್ಕೂ ಪಟ್ಟಿ ಕೇಳಲಿಲ್ಲ ಕಣೋ. ಇದೊಂದಕ್ಕೇ ತಾಳ ಹಿಡೀತು."

ಗಿರಣಿಯವನು ಅಲ್ಲಾಡುವ ಗುಂಡಿಯನ್ನು ಮುಟ್ಟಲು ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದ. "ಅಪ್ಪನೂ ಹೀಗೇ. ಯಾರು ಏನು ಹೇಳಿದ್ರೂ ತಲೆ ಆಡಿಸ್ತಾ ಇರ್ತಿದ್ದ" ಎಂದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, "ನನ್ನ ಅಂಗಿ ಎಲ್ಲೋ?" ಎಂದು ಗದರಿಸಿದ.

ಹೆಂಡತಿ ಆಗಲೇ ಟ್ರಂಕು ತೆರೆದಾಗಿತ್ತು. ಅಂದಾಜಪ್ಪ ಕಣ್ಣು ಅರ್ಧ ಮುಚ್ಚಿದ್ದನ್ನು ಕಂಡು ಗಿರಣಿಯವನು ಕೈ ಅಡ್ಡ ಹಿಡಿದ: "ಅಂದಾಜು ಬೇಡ. ಟೇಪು ಹಿಡಿ." ಆ ಟೇಪು ಅಂದು ಮೊದಲ ಸಲ ಕೊರಳಿಂದ ಇಳಿಯಿತು. ಗಿರಣಿಯವನ ಹೊಟ್ಟೆ ಈ ವರ್ಷಗಳಲ್ಲಿ ಬಟ್ಟೆಯನ್ನು ಮೀರಿ ಬೆಳೆದಿತ್ತು. ಬೆನ್ನಿಗೆ ಹಿಟ್ಟಿನ ಚೀಲದ ಬಟ್ಟೆಯ ಒಂದು ಪಟ್ಟಿ ಸೇರಿಸಿ ಹೊಲಿಯಬೇಕಾಯಿತು. ಅಂಗಿ ಹೇಳಿದ ದಿನಕ್ಕೇ ಮುಗಿಯಿತು. ಊರು ಅದನ್ನು ಕಂಪನಿಗಿಂತ ದೊಡ್ಡ ಸುದ್ದಿಯಾಗಿ ಆಡಿಕೊಂಡಿತು.

ಆದರೆ ಕತ್ತಿನ ಹತ್ತಿರ ಒಂದು ಗುಂಡಿ ಕಡಿಮೆ. ಅದನ್ನು ಪಟ್ಟಿಯಿಂದ ಕಿತ್ತರೆ ದೀಪ ಆರುತ್ತದೆ. ಅಂದಾಜಪ್ಪ ಅದರ ಬದಲಿಗೆ ಪಟ್ಟಿಗೆ ಬೇರೆ ಭಾರ ಹಾಕಿ ನೋಡಿದ. ಅಂಗಿಯ ಉಳಿದ ಹಿತ್ತಾಳೆ ಗುಂಡಿಗಳನ್ನೂ ಹಾಕಿ ನೋಡಿದ. ಅವು ಅಣ್ಣತಮ್ಮಂದಿರಂತೆ ಒಂದೇ ಮುಖದವು, ಗುಣ ಬೇರೆ, ಪಟ್ಟಿ ಕೇಳಲಿಲ್ಲ.

ಆ ದೀಪದಿಂದ ಏನು ಉಪಯೋಗ ಎಂದು ಕೇಳುವವರಿಗೆ ಅವನ ಹೆಂಡತಿ ಹೇಳುತ್ತಾಳೆ. ದೀಪ ಆರಿತು ಅಂದರೆ ಗಿರಣಿ ನಿಂತಿತು, ಗಿರಣಿ ನಿಂತಿತು ಅಂದರೆ ಗಿರಣಿಯಣ್ಣ ಚಹಾಕ್ಕೆ ಬರುತ್ತಾರೆ. ದೀಪ ಆರಿದ ಕೂಡಲೇ ಅವಳು ನೀರು ಒಲೆಗಿಡುತ್ತಾಳೆ, ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚುತ್ತಾಳೆ. ಗಿರಣಿಯವನು ಕೆನೆ ಬಣ್ಣದ ಅಂಗಿಯ ಕತ್ತು ತೆರೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರುತ್ತಾನೆ.

"ನನ್ನ ಗುಂಡಿ ಎಲ್ಲೋ?"

"ನಾಳೆ ಕೊಡ್ತೀನಿ."

"ನಾಳೆ ಅಂದ್ರೆ ಯಾವತ್ತು?"

"ಅಂದಾಜು ನಾಳೆ."

ಗಿರಣಿಯವನು ಲೋಟ ಕೆಳಗಿಟ್ಟು, "ನಾಳೆ ಮತ್ತೆ ಕೇಳ್ತೀನಿ, ಬಿಡಲ್ಲ" ಎಂದು ಬೆದರಿಸಿ ಗಿರಣಿಗೆ ಹೋಗುತ್ತಾನೆ. ಬೆಲ್ಟು ಸರಿಯುತ್ತದೆ, ಡಬ್ಬಿಯಲ್ಲಿ ಒಂದು ಗುಂಡಿ ಟಕ್ ಅನ್ನುತ್ತದೆ.